ಇಂಗ್ಲಿಷ್ ಸಲ್ಲದ ಅಡುಗೆಮನೆ

ಮೇಲಿನ ಮನೆಯ ಟೀಚರ ಮೂಗಿನ ತುದಿ ವರ್ಷವಿಡೀ ಸುಲಿಯುತ್ತಿತ್ತು. ಬಹ್ರೇನಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಆ ಬಿಳಿ ಚರ್ಮ ಇಲ್ಲಿನ ಬಿಸಿಲಿಗೆ ಒಗ್ಗಲೇ ಇಲ್ಲ. ಐರ್ಲೆಂಡಿನ ಪಶ್ಚಿಮ ಕರಾವಳಿಯವರು. ಜಿಂಜ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಒಬ್ಬರೇ ಇದ್ದರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಕಲಿಸಿ ಹೈರಾಣಾಗಿದ್ದರು.

ನಾನು ನರ್ಸ್. ನನ್ನ ಸುಸ್ತಿಗೂ ಕೊನೆಯಿರಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನ ಪುಟ್ಟ ಮಗಳನ್ನು ಟೀಚರೇ ನೋಡಿಕೊಳ್ಳುತ್ತಿದ್ದರು. ನಾವು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಉಡುಪಿಯಿಂದ ನನ್ನಮ್ಮ ಫೋನ್ ಮಾಡಿದರೆ, "ಅದು ಎಂತ ಹೇಳ್ತದೆ ಅಂತ ನಂಗೆ ಗೊತ್ತಾಗುದಿಲ್ಲ ಮಾರಾಯ್ತಿ" ಎಂದು ಸಪ್ಪಗಾಗುತ್ತಿದ್ದರು. ಮಗಳಿಂದ ಕನ್ನಡ ಆಡಿಸಬೇಕು ಎಂದುಕೊಳ್ಳುತ್ತಿದ್ದೆ. ಆದರೆ ಡ್ಯೂಟಿ ಮುಗಿಸಿ ಬಂದವಳಿಗೆ ತಿದ್ದಿ ಕಲಿಸುವ ತ್ರಾಣ ಎಲ್ಲಿಂದ ಬರಬೇಕು?

ಒಮ್ಮೆ ಟೀಚರ ಬಳಿ ಇದನ್ನು ಹೇಳಿಕೊಂಡೆ. ಅವರು ತಮ್ಮೂರಿನ ಮಾತು ತೆಗೆದರು. "ಬೇಸಿಗೆಯಲ್ಲಿ ಪೇಟೆಯ ಮಕ್ಕಳು ನಮ್ಮ ಐರಿಷ್ ಭಾಷೆ ಕಲಿಯಲು ನಮ್ಮಮ್ಮನ ಮನೆಗೆ ಬಂದು ಉಳಿಯುತ್ತಿದ್ದರು. ಇಂಗ್ಲಿಷ್ ಆಡಿ ಸಿಕ್ಕಿಬಿದ್ದರೆ ಗಂಟುಮೂಟೆ ಕಟ್ಟಿಸಿ ವಾಪಸ್! ನಾಳೆಯಿಂದ ನನ್ನ ಅಡುಗೆಮನೆಯಲ್ಲೂ ಅದೇ ಕಾನೂನು," ಎಂದರು.

"ನಿಮಗೆ ಕನ್ನಡ ಬರುವುದಿಲ್ಲವಲ್ಲ!"

"ಅವಳಿಗೆ ಬರುತ್ತದಲ್ಲ. ಅವಳು ಕನ್ನಡ ಆಡಲಿ, ನಾನು ನನ್ನ ಭಾಷೆ ಆಡುತ್ತೇನೆ. ನನಗೂ ಇಂಗ್ಲಿಷ್ ಸಾಕಾಗಿದೆ."

ಎಂಥ ಹುಚ್ಚು ಅಂದುಕೊಂಡೆ. ಮಗಳು ಕೆಲವು ದಿನ ಮುಖ ಊದಿಸಿಕೊಂಡು ಕೂತಳು. ಟೀಚರು ಬಗ್ಗಲಿಲ್ಲ. ಮೇಜಿನ ಮೇಲೆ ಕಲ್ಲುಸಕ್ಕರೆ ಪೇರಿಸಿ ತಮ್ಮೂರು ಕಟ್ಟಿ, ಕೈಸನ್ನೆ ಮಾಡಿ, ಐರಿಷಿನಲ್ಲೇ ಕಥೆ ಹೇಳಿದರು.

ಒಂದು ಸಂಜೆ ಮಗಳು ಓಡಿ ಬಂದಳು. "ಅಮ್ಮಾ, ಟೀಚರ ಊರಲ್ಲಿ ಬರೀ ಕಲ್ಲಂತೆ! ಬಂಡೆ ಮೇಲೆ ಸಮುದ್ರದ ಪಾಚಿ, ಮರಳು ಹಾಕಿ ಮಣ್ಣು ಮಾಡುದು. ಗದ್ದೆಗೆ ಗೇಟೇ ಇಲ್ಲ. ದನ ಬಂದ್ರೆ ಗೋಡೆಯ ಕಲ್ಲು ತೆಗ್ದು, ಮತ್ತೆ ಕಟ್ಟುದು!"

ಅವಳು ಕನ್ನಡದಲ್ಲಿ ಹೇಳಿದಳೆಂಬುದು ನನಗೆ ಹೊಳೆದದ್ದು ಅನ್ನ ಬಡಿಸುವಾಗ.

ನಿವೃತ್ತಿಯಾದ ಮೇಲೆ ಟೀಚರು ಊರಿಗೆ ಹೊರಟರು. "ಅಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿದೆ. ಅಂಗಡಿಯಲ್ಲಿ ಉಪ್ಪು ಕೇಳುವಾಗಲಾದರೂ ನನ್ನ ಭಾಷೆ ಆಡಬಹುದು, ಅಷ್ಟು ಸಾಕು," ಎಂದರು. ದನಿಯಲ್ಲಿ ಜೀವವಿರಲಿಲ್ಲ.

ಆ ಚಳಿಗಾಲದಲ್ಲೇ ಅವರ ತಂಗಿಯ ಮಗನ ಇಮೇಲ್ ಬಂತು. ಟೀಚರು ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಮಗಳಿಗೆ ಹೇಗೆ ಸಮಾಧಾನ ಹೇಳುವುದೆಂದು ನಾನು ತಡಕಾಡುತ್ತಿದ್ದರೆ, ಅವಳು ತಾನೇ ಉಡುಪಿಗೆ ಫೋನ್ ಹಚ್ಚಿದಳು.

"ಅಜ್ಜೀ, ನಮ್ಮ ಟೀಚರ್ ತೀರಿಹೋದ್ರು..."

ಬಿಕ್ಕುತ್ತಲೇ ಎಲ್ಲ ಹೇಳಿದಳು. ಅಮ್ಮ ಆ ಕಡೆಯಿಂದ ಒಂದೊಂದೇ ಕೇಳುತ್ತ, ಸಂತೈಸುತ್ತ ಇದ್ದರು. ಟೀಚರು ನನಗೆ ಕೊಟ್ಟುಹೋದದ್ದು ಇದು. ಈ ಋಣ ನಾನು ತೀರಿಸಲಾರೆ.

"ಪಾಪ, ಅವರಿಗೆ ಮಕ್ಕಳು ಯಾರೂ ಇರ್ಲಿಲ್ವಾ ಮಗಾ?" ಅಮ್ಮನ ದನಿ ಫೋನಿನಿಂದ ನನಗೂ ಕೇಳಿಸಿತು.

ಮಗಳು ಮೂಗೊರೆಸಿಕೊಂಡಳು.

"ನಾನಿದ್ದೆ ಅಲ್ವಾ ಅಜ್ಜೀ," ಎಂದಳು.