‘ಹೌದು’ ಎಂದಿದ್ದ ತಾಯಿ

“ನೀನು ನಮ್ ಕಡೆಯೋಳು ಕಣೇ, ಮಾತಲ್ಲೇ ಗೊತ್ತಾಯ್ತು!” ತರೀಕೆರೆ ತಾಲ್ಲೂಕಿನ ಆ ತಾಯಿ ಫೋನಿನಲ್ಲಿ ನಕ್ಕರು. ನಾನು ದೆಹಲಿಯ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಇಂಟರ್ನ್. ಹೆಣ್ಣುಮಕ್ಕಳ ಓದಿನ ಸಮೀಕ್ಷೆಯಲ್ಲಿ ಬಂದ ಉತ್ತರಗಳು ಸರಿಯೇ ಎಂದು ಆಯಾ ಮನೆಗಳಿಗೆ ಫೋನ್ ಮಾಡಿ ಕೇಳುವುದು ನನ್ನ ದಿನದ ಕೆಲಸ. ನಮ್ಮೂರು ಅಜ್ಜಂಪುರದ ಹತ್ತಿರದ ಶಿವನಿ ಎಂದೆ. ಆಮೇಲೆ, ಮಗಳು ಶಾಲೆಗೆ ಹೋಗುತ್ತಾಳೆಯೇ ಎಂಬ ಪ್ರಶ್ನೆಗೆ ‘ಹೌದು’ ಎಂದಿರುವುದನ್ನು ಓದಿ ಹೇಳಿದೆ. ಅವರ ನಗು ನಿಂತಿತು.

“ಅವತ್ತು ಕೇಳೋಕೆ ಬಂದಾಗ ನಮ್ಮನೆಯವ್ರು ಪಕ್ಕದಲ್ಲೇ ಕೂತಿದ್ರು ಕಣವ್ವಾ, ನಿಜ ಹೇಳಿದ್ರೆ ಬೈತಾರೆ ಅಂತ ಹೂಂ ಅಂದ್ಬಿಟ್ಟೆ. ಹೈಸ್ಕೂಲಿಗೆ ದಿನಾ ಬಸ್ಸಲ್ಲಿ ಹೋಗೋದು ಬೇಡ ಅಂತ ಅವ್ರೇ ಬಿಡಿಸ್ಬಿಟ್ರು. ಅವಳಿಗಿನ್ನೂ ಓದೋ ಆಸೆ ಐತೆ.”

ಉತ್ತರವನ್ನು ‘ಇಲ್ಲ’ ಎಂದು ತಿದ್ದಿದೆ. ವಿಷಯ ತಿಳಿದ ನಮ್ಮ ಮೇಲಧಿಕಾರಿ, ಉಳಿದ ತಾಯಂದಿರನ್ನೂ ಮತ್ತೆ ಮಾತನಾಡಿಸಲು ಹೇಳಿದರು. ಇನ್ನೂ ಕೆಲವು ‘ಹೌದು’ಗಳು ‘ಇಲ್ಲ’ ಆದವು. ಆ ಮನೆಗಳ ಪಟ್ಟಿಯನ್ನು ಅವರು ಸಂಸ್ಥೆಯ ಹಿರಿಯ ಅಧಿಕಾರಿಗಳಿಗೆ ಕಳುಹಿಸಿದರು.

ಆ ಹುಡುಗಿ ಮತ್ತೆ ಶಾಲೆಗೆ ಹೋದಳೋ ಇಲ್ಲವೋ, ನನಗೆ ತಿಳಿದಿಲ್ಲ. ಈಗ ಯಾವ ಮನೆಗೆ ಫೋನ್ ಮಾಡಿದರೂ ಫಾರಂನಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಮೊದಲು ಕೇಳುತ್ತೇನೆ: “ಅಮ್ಮಾ, ಈಗ ಒಬ್ಬರೇ ಇದ್ದೀರಾ?”