ಬಾದಾಮಿಯ ಕರೆಗೆ ಓಗೊಡದ ರೂಟರ್

ಇಳಕಲ್ಲಿನಲ್ಲಿ ಇಂಟರ್ನೆಟ್ ಹೋಯಿತೆಂದರೆ ಜನ ಕಂಪನಿಯನ್ನು ಬೈಯುತ್ತಿರಲಿಲ್ಲ, ಹುಚ್ಚೇಶನಿಗೆ ಫೋನು ಹಚ್ಚುತ್ತಿದ್ದರು. ನೇಕಾರರ ಮನೆತನದವನಾದರೂ ಅವನಿಗೆ ಮಗ್ಗದ ಮುಂದೆ ಕೂಡ್ರುವ ತಾಳ್ಮೆ ಹುಟ್ಟಿನಿಂದಲೇ ಇರಲಿಲ್ಲ. ಮೀಸೆ ಚಿಗುರುವ ವಯಸ್ಸಿಗೆ ಟಿವಿ ಕೇಬಲ್ ಹೆಗಲಿಗೆ ಹಾಕಿಕೊಂಡು ಕಂಬ ಹತ್ತಿದ. ಕೇಬಲ್ ಹೋಗಿ ಫೈಬರ್ ಬಂದಾಗ ಅದನ್ನೂ ಕಲಿತ. ಈಗ ನಲವತ್ತು ದಾಟಿದ ಮೇಲೆ, ಬಾಗಲಕೋಟೆಯ ತಿಮ್ಮಣ್ಣ ಎಂಬವರ ಇಂಟರ್ನೆಟ್ ಕಂಪನಿಗೆ ಇಳಕಲ್ಲಿನ ಪೂರ್ತಿ ಜವಾಬ್ದಾರ ಅವನೇ. ಆಫೀಸೆಂದರೆ ಅವನ ಮನೆಯ ಪಡಸಾಲೆ. ಒಂದು ಗೋಡೆಗೆ ರೂಟರಿನ ಕಪಾಟು, ಎದುರಿನ ಗೋಡೆಗೆ ತಾಯಿ ಶಿವಲಿಂಗವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ರಾಟಿ.

ಬಾಗಲಕೋಟೆಯಿಂದ ಇಳಕಲ್ಲಿಗೆ ಫೈಬರು ಬರಲು ಎರಡು ದಾರಿ. ಒಂದು ಅಮೀನಗಡ, ಹುನಗುಂದದ ಮೇಲೆ ನೆಟ್ಟಗೆ ಬರುವುದು. ಇನ್ನೊಂದು ಬಾದಾಮಿಗೆ ಹೋಗಿ ಐಹೊಳೆ ಕಡೆಯಿಂದ ಸುತ್ತಿ ಬರುವುದು. ಹೆದ್ದಾರಿ ಬದಿ ಯಾರಾದರೂ ಜೆಸಿಬಿ ತಂದು ಕೆದರಿದರೆ ನೆಟ್ಟಗಿನ ದಾರಿ ತುಂಡು. ಆಗ ಹುಚ್ಚೇಶ ರೂಟರಿನ ಮುಂದೆ ಕೂತು, ಆ ದಾರಿ ಬಿಟ್ಟು ಬಾದಾಮಿ ದಾರಿ ಹಿಡಿ ಎಂದು ಕೈಯಾರೆ ಹೇಳಬೇಕು. ಹೇಳಿದ ಮರುಗಳಿಗೆ ಊರಿಗೆ ಊರೇ ಮತ್ತೆ ಫೋನಿನಲ್ಲಿ ಮುಖ ಹುದುಗಿಸುತ್ತಿತ್ತು. ಸಂಜೆ ಚಹಾದಂಗಡಿಯಲ್ಲಿ, "ಹುಚ್ಚೇಶಣ್ಣ ಅದಾನಂತ ನಡದೈತಿ ನೋಡ್ರಿ" ಎಂದು ಯಾರಾದರೂ ಅನ್ನುತ್ತಿದ್ದರು. ಅವನು ಕೇಳಿಸದವನ ಹಾಗೆ ಬಸಿಗೆ ಚಹಾ ಸುರುವಿಕೊಳ್ಳುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಚಟ. ಹುಚ್ಚೇಶ ಎಲೆ ಅಡಿಕೆಯನ್ನೂ ಮುಟ್ಟಿದವನಲ್ಲ, ಅವನ ಚಟ ಇದು.

ತಿಮ್ಮಣ್ಣನವರು ಇದನ್ನೆಲ್ಲ ಬದಲು ಮಾಡಲು ಹೊರಟರು. ಇನ್ನು ರೂಟರುಗಳೇ ಒಂದಕ್ಕೊಂದು ಮಾತಾಡಿಕೊಂಡು ದಾರಿ ಹುಡುಕಿಕೊಳ್ಳಲಿ ಎಂದರು. ಅದಕ್ಕೆ ಓಎಸ್‌ಪಿಎಫ್ ಎಂಬ ಪದ್ಧತಿ ಇದೆ. ಪ್ರತಿ ರೂಟರೂ ಗಳಿಗೆ ಗಳಿಗೆಗೆ ಪಕ್ಕದ ರೂಟರನ್ನು "ಇದ್ದೀಯಾ?" ಎಂದು ಕರೆಯುತ್ತದೆ, ಅದು ಓಗೊಡುತ್ತದೆ, ಎರಡೂ ತಮಗೆ ಗೊತ್ತಿರುವ ದಾರಿಗಳನ್ನು ಹಂಚಿಕೊಳ್ಳುತ್ತವೆ. ಒಂದು ದಾರಿ ಸತ್ತರೆ ಯಾರೂ ಹೇಳದೆಯೇ ಇನ್ನೊಂದಕ್ಕೆ ಹೊರಳುತ್ತವೆ. ಇಳಕಲ್ಲಿನ ರೂಟರನ್ನು ಹುಚ್ಚೇಶ, ಬಾದಾಮಿಯದನ್ನು ಅಲ್ಲಿಯ ಯುನೂಸ ಸಿದ್ಧಮಾಡಬೇಕೆಂದಾಯಿತು. ಯುನೂಸ ಕಂಪನಿಗೆ ಹೊಸಬ, ಮನೆ ಮಾಡಿ ಸಂಸಾರ ಹೂಡಿದವನು. ಸಣ್ಣದಕ್ಕೂ ದೊಡ್ಡದಕ್ಕೂ "ಅಣ್ಣಾರ, ಇದು ಬರೋಬರಿ ಐತೇನ್ರಿ?" ಎಂದು ಕೇಳಿಯೇ ಮುಂದೆ ಹೋಗುವವನು.

ಪರೀಕ್ಷೆ ಮಾಡುವ ದಿನ ಹುನಗುಂದದ ಕಡೆಯ ಫೈಬರನ್ನು ಹುಚ್ಚೇಶನೇ ಕಿತ್ತು ಹಿಡಿದ. ಕ್ಷಣ ಹೊತ್ತು ನಿಂತಂತಾಗಿ ಎಲ್ಲ ತನ್ನಷ್ಟಕ್ಕೆ ಮತ್ತೆ ನಡೆಯಿತು. ತಿಮ್ಮಣ್ಣನವರು ಫೋನಿನಲ್ಲಿ ಶಾಭಾಷ್ ಎಂದರು. ಹುಚ್ಚೇಶ ಫೈಬರ್ ಕಿತ್ತದ್ದು ಊರಿನಲ್ಲಿ ಒಂದು ನರಪಿಳ್ಳೆಗೂ ತಿಳಿಯಲಿಲ್ಲ. ಅವನ ಫೋನು ಮೇಜಿನ ಮೇಲೆ ಮಲಗಿಯೇ ಇತ್ತು. ಅವನು ಅದನ್ನು ಎತ್ತಿ, ಸಿಗ್ನಲ್ ಇದೆಯೋ ಇಲ್ಲವೋ ಎಂದು ನೋಡಿ ಮತ್ತೆ ಇಟ್ಟ.

ಅದೇ ಸಂಜೆ ಅವನು ತನ್ನ ರೂಟರಿಗೆ ಒಂದೇ ಒಂದು ಸಾಲು ಬರೆದ. ಬಾದಾಮಿಯ ಕಡೆಗಿರುವ ಬಾಗಿಲಲ್ಲಿ ಮೌನವಾಗಿರು, ಕರೆಯಲೂ ಬೇಡ, ಓಗೊಡಲೂ ಬೇಡ ಎಂಬ ಆಜ್ಞೆ ಅದು. ಆ ರೂಟರಿನ ಪಾಸ್‌ವರ್ಡ್ ಇದ್ದದ್ದು ಅವನ ಹತ್ತಿರ ಮಾತ್ರ. ಮುಂದೆ ಹೆದ್ದಾರಿಯ ಫೈಬರ್ ತುಂಡಾದಾಗ ಊರೆಲ್ಲ ಮತ್ತೆ ಅವನಿಗೇ ಫೋನು ಮಾಡಿತು. ಅವನು ಆ ಸಾಲನ್ನು ಅಳಿಸಿ ಇಂಟರ್ನೆಟ್ ತಂದ, ದುರಸ್ತಿಯಾದ ಮೇಲೆ ಮತ್ತೆ ಬರೆದಿಟ್ಟ. ತಾನಾಗಿಯೇ ಯಾಕೆ ಹೊರಳಲಿಲ್ಲ ಎಂದು ತಿಮ್ಮಣ್ಣನವರು ಕೇಳಿದಾಗ, "ಬಾದಾಮಿ ಕಡಿ ಏನೋ ಗಡಬಡ ಇರಬೇಕ್ರಿ" ಎಂಬ ಮಾತು ಬಾಯಿಂದ ಜಾರಿಬಿಟ್ಟಿತು. ಆಡಿದ ಮೇಲೆ ನಾಚಿಕೆಯಾಯಿತು. ಆದರೂ ನುಂಗಿಕೊಂಡ.

ಹೀಗೇ ನಡೆದಿರುತ್ತಿತ್ತೇನೋ. ಒಂದು ದಿನ ಅವನು ಮಹಾಕೂಟದ ಹತ್ತಿರ ನೆಂಟರ ಮದುವೆಗೆ ಹೋದ. ಮದುವೆಯ ಗದ್ದಲದಲ್ಲಿ ಫೋನಿನ ಚಾರ್ಜು ಮುಗಿದದ್ದು ಅವನಿಗೆ ಗೊತ್ತಾಗಲಿಲ್ಲ. ಅವತ್ತೇ ಅಮೀನಗಡದ ಹತ್ತಿರ ಫೈಬರ್ ತುಂಡಾಯಿತು. ಇಳಕಲ್ಲಿನಲ್ಲಿ ದಿನವಿಡೀ ಏನೂ ನಡೆಯಲಿಲ್ಲ. ರೇಷನ್ ಅಂಗಡಿಯ ಯಂತ್ರ ಯಾರ ಹೆಬ್ಬೆಟ್ಟನ್ನೂ ಹಿಡಿಯಲಿಲ್ಲ. ಸರದಿಯಲ್ಲಿ ಬಿಸಿಲಿಗೆ ನಿಂತು ನಿಂತು ಶಿವಲಿಂಗವ್ವ ಬರಿ ಚೀಲ ಹಿಡಿದು ಮನೆಗೆ ಬಂದಳು. ಮಗ ಬಂದಾಗ ಅವಳು ಊದಿದ ಕಾಲು ನೀವಿಕೊಳ್ಳುತ್ತ ಕೂತಿದ್ದಳು.

"ಆ ಬಾದಾಮಿ ಹುಡುಗಂದ ತಪ್ಪಂತಲ್ಲೋ? ಕೆಲಸಾ ಬರ್ದಿದ್ರ ಯಾಕ ಮಾಡಬೇಕಪಾ" ಎಂದಳು.

ಹುಚ್ಚೇಶ ಬಚ್ಚಲಿಗೆ ಹೋಗಿ, ತೊಳೆದ ಮುಖವನ್ನೇ ಮತ್ತೆ ಮತ್ತೆ ತೊಳೆದ.

ತಿಮ್ಮಣ್ಣನವರು ಯುನೂಸನಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದರು: ತಪ್ಪು ಎಲ್ಲಿದೆಯೆಂದು ಈ ವಾರದೊಳಗೆ ಹುಡುಕು, ಇಲ್ಲದಿದ್ದರೆ ಬೇರೆ ಕೆಲಸ ನೋಡಿಕೊ. ಯುನೂಸ ಯಾರ ಹತ್ತಿರ ಹೋಗಬೇಕು? ಬಸ್ಸು ಹತ್ತಿ ಇಳಕಲ್ಲಿಗೇ ಬಂದ. ಅಮೀನಗಡದಲ್ಲಿ ಇಳಿದು ಶಿವಲಿಂಗವ್ವನಿಗೆಂದು ಕರದಂಟಿನ ಡಬ್ಬಿ ಬೇರೆ ತಂದಿದ್ದ. ಪಡಸಾಲೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ಹುಚ್ಚೇಶನ ಕಡೆ ತಿರುಗಿಸಿದ.

"ಅಣ್ಣಾರ, ನನ್ನ ತಪ್ಪ ನನಗ ಕಾಣವಲ್ದು. ನೀವ ಹುಡುಕಿ ಕೊಡ್ರಿ. ನಮ್ಮ ರೂಟರ್ ಕರದ ಕರೀತೈತಿ, ಇಲ್ಲಿಂದ ಓ ಅನ್ನೂದ ಇಲ್ಲ."

ಹುಚ್ಚೇಶ ನೋಡಿದ. ಯುನೂಸ ಬರೆದ ಒಂದೊಂದು ಸಾಲೂ ತೊಳೆದಿಟ್ಟಷ್ಟು ಚೊಕ್ಕಟವಾಗಿತ್ತು. ಇಲ್ಲದ ತಪ್ಪನ್ನು ಹುಡುಕುವವನ ಹಾಗೆ ಹುಬ್ಬು ಗಂಟು ಹಾಕಿಕೊಂಡು ಅವನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ. ಪಕ್ಕದಲ್ಲಿ ಯುನೂಸ ತನ್ನ ಮೇಲೆ ತಾನೇ ದೂರು ಹೇಳಿಕೊಳ್ಳುತ್ತಿದ್ದ. ಇದು ತಪ್ಪಿರಬಹುದೇ, ಅದು ಬಿಟ್ಟಿರಬಹುದೇ, ನಾನು ಹೆಚ್ಚು ಓದಿದವನಲ್ಲ ನೋಡ್ರಿ, ಎಲ್ಲೋ ಮಂಗನಾಟ ಮಾಡಿರಬೇಕು. ಹುಚ್ಚೇಶನ ಕಿವಿ ಕಾದವು. ಎದ್ದು ಓಡಬೇಕೆನಿಸಿತು, ಆದರೆ ಕೂತದ್ದೇ ತನ್ನ ಮನೆಯಲ್ಲಿ, ಓಡುವುದಾದರೂ ಎಲ್ಲಿಗೆ?

ಶಿವಲಿಂಗವ್ವ ಚಹಾ ತಂದಳು. ಯುನೂಸ ಎದ್ದು ನಿಂತು ಎರಡೂ ಕೈಯಲ್ಲಿ ಕಪ್ಪು ತೆಗೆದುಕೊಂಡ. ಅವನು ಅತ್ತ ತಿರುಗಿದ್ದೇ ಸಾಕೆಂದು ಹುಚ್ಚೇಶ ಪಕ್ಕದಲ್ಲಿದ್ದ ತನ್ನ ಕಂಪ್ಯೂಟರಿನಿಂದ ತನ್ನ ರೂಟರಿನ ಆ ಸಾಲು ಅಳಿಸಿಬಿಟ್ಟ. ಯುನೂಸ ಮರಳಿ ಕೂತು ತೆರೆಯ ಕಡೆ ನೋಡಿದ. ಬಾದಾಮಿಯ ನೆರೆಯವರ ಪಟ್ಟಿಯಲ್ಲಿ ಇಳಕಲ್ಲಿನ ಹೆಸರು ಬಂದಿತ್ತು.

"ಆತು! ಅಣ್ಣಾರ, ಆತು!" ಎಂದು ಅವನು ಹುಚ್ಚೇಶನ ಕೈ ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ತನ್ನ ಫೋನು ಎತ್ತಿಕೊಂಡ. "ತಿಮ್ಮಣ್ಣಾರಿಗೆ ಈಗ ಹಚ್ತೀನಿ. ತಪ್ಪ ನಂದ ಇತ್ರಿ, ಹುಚ್ಚೇಶಣ್ಣಾರ ಹುಡುಕಿ ಕೊಟ್ರು ಅಂತ ಹೇಳ್ತೀನಿ. ಏನ ಮಾಡಿದ್ನೆ ಅಂತ ಅಷ್ಟ ಹೇಳ್ರಿ, ಇನ್ನೊಮ್ಮಿ ಹಂಗ ಮಾಡಬಾರದಲ್ಲ."

ಹುಚ್ಚೇಶ ಬಾಯಿ ತೆರೆದ. ಏನಾದರೊಂದು ಹೇಳಬಹುದಿತ್ತು, ಯುನೂಸ ನಂಬುತ್ತಿದ್ದ. ಅಷ್ಟೇ ಅಲ್ಲ, ಮಾಡದ ಆ ತಪ್ಪನ್ನು ಮುಂದೆ ಎಂದೂ ಮಾಡದ ಹಾಗೆ ಆಯುಷ್ಯವಿಡೀ ಕಾಯ್ದುಕೊಳ್ಳುತ್ತಿದ್ದ. ಅದನ್ನು ನೆನೆದೇ ಹುಚ್ಚೇಶನಿಗೆ ತನ್ನ ಮೇಲೆ ಹೇಸಿಗೆ ಬಂತು.

"ನೀ ಏನೂ ತಪ್ಪ ಮಾಡಿಲ್ಲ, ಯುನೂಸ. ಇಲ್ಲಿಂದ ಓ ಅನಬ್ಯಾಡ ಅಂತ ನಾನ ಬರದಿಟ್ಟಿದ್ದೆ."

ಯುನೂಸ ನಕ್ಕ. ತನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆಂದುಕೊಂಡ. ಹುಚ್ಚೇಶನ ಮುಖ ನೋಡಿ ನಗು ನಿಲ್ಲಿಸಿದ.

"ಯಾಕ್ರಿ?"

"ಮಂದಿ ನನಗ ಫೋನ್ ಮಾಡ್ಲಿ ಅಂತ."

ಇಷ್ಟು ದಿನ ಎದೆಯಲ್ಲಿ ಬಂಡೆಯಂತೆ ಕೂತಿದ್ದ ಕಾರಣ ಹೊರಗೆ ಬಂದಾಗ ಇಷ್ಟೇ ಇತ್ತು. ಯುನೂಸ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ.

"ಹಂಗಂತ ಒಂದ ಮಾತ ಅಂದಿದ್ರ, ನಾನ ದಿನಾ ಫೋನ್ ಮಾಡ್ತಿದ್ನೆಲ್ರಿ" ಎಂದ.

ಬೈದಿದ್ದರೆ ಹುಚ್ಚೇಶ ತಡೆದುಕೊಳ್ಳುತ್ತಿದ್ದ. ಅವನೇ ಕೈ ಚಾಚಿ ಯುನೂಸನ ಫೋನು ತೆಗೆದುಕೊಂಡು ತಿಮ್ಮಣ್ಣನವರ ನಂಬರು ಒತ್ತಿದ. ತಿಮ್ಮಣ್ಣನವರು ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಇದ್ದರು, ಆ ಕಡೆ ಭಾರಿ ಗದ್ದಲ. ಹುಚ್ಚೇಶ ಮೆಲ್ಲಗೆ, ತಾನು ಮಾಡಿದ್ದನ್ನು ಮೊದಲಿನಿಂದ ಹೇಳಿದ.

"ಏನಂದಿ? ಕೇಳಸವಲ್ತು, ಜೋರ್ ಹೇಳಲೇ!"

ಎದುರಿನ ಗೋಡೆಯ ಹತ್ತಿರ ಶಿವಲಿಂಗವ್ವನ ರಾಟಿ ನಿಂತಿತು. ಅವಳು ಮಗನ ಮುಖವನ್ನೇ ನೋಡುತ್ತಿದ್ದಳು. ಊದಿದ ಕಾಲು ಇನ್ನೂ ಚಾಚಿಕೊಂಡೇ ಇದ್ದಳು.

"ನಾನ ಬಂದ್ ಮಾಡಿದ್ದೆರಿ" ಎಂದು ಹುಚ್ಚೇಶ ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದ.