ಕಾಶಿಯಲ್ಲಿ ಬಿಡಲು ಒಂದು ತರಕಾರಿ

ನಮ್ಮ ಅಜ್ಜಿ ಕಾಶಿಗೆ ಹೋದದ್ದು ಈ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾಘಮಾಸದಲ್ಲಿ. ನನಗಾಗ ಹನ್ನೊಂದು ವರ್ಷ, ಈಗ ಹದಿನೇಳು. ಹೊಳೆನರಸೀಪುರದಿಂದ ಒಂದು ಗುಂಪು ರೈಲಿನಲ್ಲಿ ಹೊರಡುವುದಿತ್ತು. ಹರದನಹಳ್ಳಿಯಿಂದ ಅಜ್ಜಿಯೂ ಸೇರಲಿ ಎಂದು ಅಪ್ಪ ದೀಪಾವಳಿಗೆ ಮೊದಲೇ ಗೊತ್ತುಮಾಡಿ ಬಂದಿದ್ದ. ಅಜ್ಜಿಗೆ ರೈಲಿನ ಭಯವಿರಲಿಲ್ಲ, ಚಳಿಯ ಭಯವೂ ಇರಲಿಲ್ಲ. ಇದ್ದದ್ದು ಬೇರೆ ಭಯ. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ ಒಂದು ಹಣ್ಣು, ಒಂದು ತರಕಾರಿ ಬಿಟ್ಟುಬರಬೇಕು. ಬಿಟ್ಟದ್ದನ್ನು ಸಾಯುವ ತನಕ ಬಾಯಿಗಿಡುವಂತಿಲ್ಲ.

ಹಣ್ಣಿನ ತೀರ್ಮಾನ ಬೇಗ ಆಯಿತು. “ಸೀಬೆ ಬಿಡ್ತೀನಿ” ಅಂದಳು ಅಜ್ಜಿ. ನಮ್ಮೂರಲ್ಲಿ ಕಾಶಿ ನೋಡಿದ್ದವನು ಪಕ್ಕದ ಮನೆಯ ತಾತ ಒಬ್ಬನೇ. ಅವನು ನಮ್ಮ ಜಗಲಿಯ ಮೇಲೆ ಕೂತು ಗಹಗಹಿಸಿ ನಕ್ಕ.

“ಬಾಯಲ್ಲಿರೋ ಅಲ್ಲೆಲ್ಲ ಉದುರೋದ್ಮೇಲೆ ಸೀಬೆ ಬಿಟ್ಳಂತೆ! ಓಗ್ಲಿ, ಚಿಕ್ಕೋಳಿದ್ದಾಗ ಮರ ಅತ್ತಿ ತಿಂದಿದ್ದೀಯ, ನಡೀತದೆ. ತರಕಾರೀಲಿ ಮಾತ್ರ ಆಟ ಆಡ್ಬ್ಯಾಡ ಕಣವ್ವ. ಬಾಯಲ್ ನೀರೂರೋದ್ನೇ ಬಿಡ್ಬೇಕು. ನಿನ್ಗೆ ಅವರೆಕಾಯೇ ಸರಿ.”

ಅಜ್ಜಿ ಒಳಗೆ ಎದ್ದುಹೋದಳು.

ಅಜ್ಜಿಗೆ ಅವರೆಕಾಯಿ ಎಂದರೆ ಏನು ಎಂಬುದನ್ನು ಅಂದು ಸಂಜೆ ಅವ್ವ ನನಗೆ ಹೇಳಿದಳು. ಅಜ್ಜ ಸತ್ತ ಮೇಲೆ ಅಜ್ಜಿ ಹೂವು ಬಿಟ್ಟಳು, ಬಳೆ ಬಿಟ್ಟಳು, ಹಬ್ಬದ ಕೋಳಿ ಸಾರನ್ನೂ ಬಿಟ್ಟಳು. ಉಳಿದಿದ್ದ ಆಸೆ ಇದೊಂದೇ. ಮಾರ್ಗಶಿರ ಬಂತೆಂದರೆ ಸಾಕು, ಹೊಲದಿಂದ ಬಂದ ಸೊನೆಗಾಯಿಯನ್ನು ಮೂಗಿಗೆ ಹಿಡಿದು ಕೂರುವಳು. ಸಂಕ್ರಾಂತಿ ಕಳೆಯುವ ತನಕ ಎರಡು ಹೊತ್ತೂ ಅವರೆಕಾಯಿ ಸಾರು, ಮುದ್ದೆ. “ಅದ್ನೂ ಬಿಡುಸ್ಬುಟ್ರೆ ಈ ಮನೇಲಿ ಅವ್ರಿಗೆ ಅಂತ ಇನ್ನೇನೈತೆ?” ಅಂದಳು ಅವ್ವ.

ಉಪಾಯ ಹೂಡಿದವಳೂ ಅವ್ವನೇ. ನಮ್ಮೂರಲ್ಲಿ ಬೆಳೆಯದ, ಮನೆಗೆ ದಿನಾ ಬೇಕಾಗದ ತರಕಾರಿಯೊಂದನ್ನು ಹುಡುಕುವುದು, ಅಜ್ಜಿ ಅದನ್ನು ಬಿಟ್ಟುಬರುವುದು. ತಾತ ಇದಕ್ಕೆ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ: “ತಿಂದು, ರುಚಿ ಕಂಡು, ಇನ್ನೊಂದ್ಸಲ ಆಕು ಅಂತ ಅವ್ಳೇ ಬಾಯ್ಬಿಟ್ಟು ಕೇಳ್ಬೇಕು. ಆಗ ಅದು ಬಿಟ್ಟಂಗೆ.”

ನಾನು ಆಗಲೇ ದಿನಚರಿ ಬರೆಯುತ್ತಿದ್ದೆ. ಹಳೆಯ ಕಾಪಿ ಪುಸ್ತಕದಲ್ಲಿ ಗೆರೆ ಎಳೆದು ನಾಲ್ಕು ಮನೆ ಹಾಕಿದೆ: ವಾರ, ತರಕಾರಿ, ತಂದ ಊರು, ಇನ್ನೊಂದು ಸಲ ಕೇಳಿದವರು. ಕೊನೆಯ ಮನೆಯಲ್ಲಿ ಬಹಳ ದಿನ ಅಪ್ಪನೊಬ್ಬನೇ ಇದ್ದ. ಅವನು ಏನು ಬಡಿಸಿದರೂ ಕೇಳುವವನು.

ಮೊದಲು ಬಂದದ್ದು ಕೋಸು, ಹಾಸನದ ಸಂತೆಯಿಂದ. ಅವ್ವ ಹಿಂದೆ ಕೋಸು ಕಂಡವಳಲ್ಲ. ಕಾಯಿ ಒಳಗಿರಬೇಕೆಂದು ಎಲೆ ಬಿಡಿಸತೊಡಗಿದಳು, ನಾನೂ ಕೂತೆ. ಬಿಡಿಸಿದ್ದನ್ನೆಲ್ಲ ನನ್ನ ತಮ್ಮ ಎಮ್ಮೆಗೆ ಹಾಕುತ್ತ ಬಂದ. ಕೊನೆಗೆ ಹೆಬ್ಬೆರಳಿನಷ್ಟು ದಂಟು ಉಳಿಯಿತು. ಅವ್ವ ಅದನ್ನೇ ಹೆಚ್ಚಿ ಹುಳಿಗೆ ಹಾಕಿದಳು. ಅಪ್ಪ ಊಟಕ್ಕೆ ಕೂತು, “ಕೋಸೆಲ್ಲಿ?” ಅಂದ.

“ಎಮ್ಮೆ ಇನ್ನೊಂದ್ಸಲ ಕೇಳ್ತು, ಬರ್ಕೊಳ್ಳೆ” ಅಂದಳು ಅಜ್ಜಿ ನನಗೆ.

ಆಮೇಲೆ ಬೀಟ್‌ರೂಟು. ಸಾರು ಬಡಿಸಿದಾಗ ಅಜ್ಜಿ ತಟ್ಟೆಯನ್ನು ಹಿಂದಕ್ಕೆ ತಳ್ಳಿ, “ಮುದ್ದೆ ಮ್ಯಾಲೆ ನೆತ್ರು ಚೆಲ್ದಂಗೈತೆ, ತೆಗ್ಯವ್ವ ಅತ್ಲಾಗೆ” ಅಂದಳು. ತಮ್ಮ ಆಸೆಪಟ್ಟು ತಿಂದ. ಮಾರನೆಯ ಬೆಳಿಗ್ಗೆ ಹಿತ್ತಿಲಿನಿಂದ ಚಡ್ಡಿ ಹಿಡಿದುಕೊಂಡು ಅಳುತ್ತ ಓಡಿಬಂದ, ಉಚ್ಚೆ ಕೆಂಪಗಾಗಿದೆ, ತಾನು ಸತ್ತುಹೋಗುತ್ತೇನೆ ಎಂದು. ಅವನನ್ನು ಸಮಾಧಾನ ಮಾಡುವುದರಲ್ಲಿ ನನಗೆ ಸ್ಕೂಲಿಗೆ ಹೊತ್ತಾಯಿತು. ಸೀಮೆಬದನೆ ಬಂತು, “ನೀರು ಅಗ್ದಂಗೈತೆ” ಅಂದಳು ಅಜ್ಜಿ. ಈ ನಡುವೆ ಹೊಲದ ಅವರೆಕಾಯಿ ಬರುತ್ತಲೇ ಇತ್ತು. ಅಜ್ಜಿ ಅದನ್ನು ಇನ್ನು ಸಿಗುವುದಿಲ್ಲ ಎಂಬಂತೆ ನಿಧಾನವಾಗಿ, ಕಾಳು ಕಾಳೇ ತಿನ್ನುತ್ತಿದ್ದಳು. ಅವ್ವ ನೋಡಿಯೂ ನೋಡದಂತೆ ಮತ್ತೊಂದು ಸೌಟು ಬಡಿಸುವಳು.

ಪುಷ್ಯದ ಒಂದು ಬುಧವಾರ ಅಪ್ಪ ಹಾಸನದಿಂದ ಟವಲಿನಲ್ಲಿ ಟೊಮೇಟೊ ಕಟ್ಟಿಕೊಂಡು ಬಂದ. ರೈಲಿನಲ್ಲಿ ಯಾರೋ ಒರಗಿ ಅರ್ಧ ಅಪ್ಪಚ್ಚಿಯಾಗಿದ್ದವು. ಹಣ್ಣೆಂದು ಹಸಿದೇ ಕಚ್ಚಿ ನಾವೆಲ್ಲ ಮುಖ ಕಿವುಚಿದೆವು. ಅವ್ವ ಸುಮ್ಮನೆ ಬಿಡಲಿಲ್ಲ. ಬದನೆಕಾಯಿ ಸುಡುವ ಹಾಗೆ ಕೆಂಡದಲ್ಲಿ ಸುಟ್ಟು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕಿವುಚಿದಳು. ಅಜ್ಜಿ ಮುದ್ದೆಯ ತುತ್ತನ್ನು ಅದಕ್ಕೆ ಅದ್ದಿ ನುಂಗಿದಳು. ಇನ್ನೊಂದು ತುತ್ತು ನುಂಗಿದಳು. ತಟ್ಟೆ ಮುಂದಕ್ಕೆ ಸರಿಸಿ, ಯಾರ ಮುಖವನ್ನೂ ನೋಡದೆ, “ಇನ್ನೊಸಿ ಆಕು” ಅಂದಳು.

ಅಪ್ಪ ಕೈತೊಳೆಯದೆ ಹೋಗಿ ತಾತನನ್ನು ಸಾಕ್ಷಿಗೆ ಕರೆತಂದ. ತಾತನೂ ಒಂದು ಬೆರಳು ನೆಕ್ಕಿ ನೋಡಿ, “ಸಿಕ್ತು ಬುಡು” ಅಂದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಜ್ಜಿಗೆ ನಿಜವಾಗಿಯೂ ರುಚಿ ಹತ್ತಿತು. ಅಪ್ಪ ಹಾಸನಕ್ಕೆ ಹೊರಟರೆ ಬಾಗಿಲ ತನಕ ಬಂದು, “ಆ ಕೆಂಪಂದು ಮರೀಬ್ಯಾಡ್ಲಾ” ಅನ್ನುವಳು. ಕೊಳೆತ ಹಣ್ಣೊಂದರ ಬೀಜವನ್ನು ತಾನೇ ಹಿತ್ತಿಲಲ್ಲಿ ಊರಿದಳು. ಹೊರಡುವ ಹಿಂದಿನ ಸಂಜೆ ಆ ಗಿಡಗಳ ಪಕ್ಕದಲ್ಲಿ ನಿಂತು ಅವ್ವನಿಗೆ ಹೇಳಿದಳು: “ಸುಲಭದ್ದು ಅನ್ಕಂಡಿದ್ವಲ್ಲೇ, ಇದು ಅಂಗಿಲ್ಲ.”

ತಿಂಗಳಾದ ಮೇಲೆ ಬಂದಳು, ಕಪ್ಪಾಗಿ, ಸೊರಗಿ, ಗಂಗೆಯ ಗಿಂಡಿಯೊಂದಿಗೆ. ತಾತ ಕೇಳಿದ ಮೊದಲ ಮಾತು ಬಿಟ್ಟೆಯಾ ಎಂದು.

“ಬಿಟ್ಟೆ ಕಣಣ್ಣ. ಅಲ್ಲಿನ ಅಯ್ನೋರ್ಗೆ ನನ್ ಮಾತು ತಿಳೀಲಿಲ್ಲ. ಕೈಯಾಗೆ ದುಂಡಗೆ ಮಾಡಿ ತೋರುಸ್ದೆ, ಕುಂಕುಮ ಮುಟ್ಟಿ ತೋರುಸ್ದೆ. ಊಂ ಅಂದ. ಅವನು ಏನಂತ ತಿಳ್ಕಂಡ್ನೋ, ಗಂಗಮ್ಮಂಗೆ ತಿಳೀತು.”

ಹಿತ್ತಿಲ ಗಿಡಗಳು ಹಣ್ಣು ಬಿಟ್ಟಾಗ ಅಜ್ಜಿಯೇ ಕಿತ್ತು ನಮಗೆ ಕೊಡುತ್ತಿದ್ದಳು. ಅವರೆಕಾಯಿ ಉಳಿಯಿತಲ್ಲ ಎಂದು ಮನೆಯವರೆಲ್ಲ ಮುಂದಿನ ಮಾರ್ಗಶಿರಕ್ಕೆ ಕಾದೆವು.

ಆ ಮಾರ್ಗಶಿರದಲ್ಲಿ ಅಪ್ಪನ ಅಕ್ಕ, ಅಜ್ಜಿಯ ಮಗಳು, ಅರಕಲಗೂಡಿನಿಂದ ಬಂದಳು. ಅಜ್ಜಿ ಕಾಶಿಗೆ ಹೋದದ್ದು ಅತ್ತೆಗೆ ಗೊತ್ತಿತ್ತು, ಏನು ಬಿಟ್ಟಳೆಂದು ಯಾರೂ ಹೇಳಿರಲಿಲ್ಲ. ತಾಯಿಗೆ ವರ್ಷದ ಮೊದಲ ಅವರೆಕಾಯಿ ಸಾರು ತಾನೇ ಮಾಡಿ ಬಡಿಸಬೇಕೆಂದು ಅವ್ವನನ್ನು ಒಲೆಯ ಹತ್ತಿರ ಬಿಡಲಿಲ್ಲ. ಘಮ ಜಗಲಿಯ ತನಕ ಬಂತು. ಅಜ್ಜಿ ಎಲ್ಲರಿಗಿಂತ ಮೊದಲು ಬಂದು ಕೂತಳು.

ತುತ್ತು ಮುರಿದವಳು ಹಾಗೆಯೇ ನಿಲ್ಲಿಸಿದಳು. ಸಾರಿನ ಮೇಲೆ ಸುರುಟಿಕೊಂಡ ಕೆಂಪು ಸಿಪ್ಪೆಯೊಂದು ತೇಲುತ್ತಿತ್ತು.

“ಯಾಕವ್ವ, ಉಪ್ಪಾಯ್ತಾ?” ಅಂದಳು ಅತ್ತೆ.

“ಇಲ್ಲ ಕಣೆ. ಒಟ್ಟೆ ಯಾಕೋ ಭಾರವಾಗೈತೆ. ಒಸಿ ಮಜ್ಜಿಗೆ ಕೊಡು.”

ಅವ್ವ ಬಂದು ಸಾರಿನ ಮಡಕೆಗೆ ಬಗ್ಗಿ ನೋಡಿದಳು. “ಅತ್ಗೆ, ಉಳಿಗೆ ಏನಾಕಿದ್ರಿ?”

“ಟಮೋಟೆ! ನಮ್ ಕಡೆ ಈಗ ಉಣ್ಸೆಅಣ್ಣು ಯಾರ್ ಆಕ್ತಾರೆ? ನಮ್ಮವ್ವನ್ಗೆ ಅಂತ ಸಂತೇಲಿ ಆರ್ಸಿ ತಂದೆ.”

ಅಪ್ಪ ತಲೆ ತಗ್ಗಿಸಿದ. ಅವ್ವ ವಿಷಯ ಹೇಳಿದ ಮೇಲೆ ಅತ್ತೆ ಸೌಟು ಹಿಡಿದುಕೊಂಡೇ ಅಳಲು ಕೂತಳು. ಅಜ್ಜಿ ಮಜ್ಜಿಗೆ ಕುಡಿದು ಮುಗಿಸಿ, ಮಗಳ ಕಣ್ಣನ್ನು ಸೆರಗಿನಿಂದ ಒರೆಸಿದಳು. “ಅಳ್ಬ್ಯಾಡ ಕಣೆ. ನಾನು ಗಂಗಮ್ಮನ್ತಾವ ಜಾಣತನ ತೋರ್ಸೋಕೆ ಓಗಿದ್ದೆ. ಅವ್ಳು ನನ್ಗಿಂತ ಜಾಣೆ.” ಅದೇ ಮಧ್ಯಾಹ್ನ ಅವ್ವ ಮತ್ತೆ ಮೊರ ಹಿಡಿದು ಕಾಯಿ ಸುಲಿಯಲು ಕೂತಳು, ಅತ್ತೆಯೂ ಪಕ್ಕದಲ್ಲಿ ಕೂತಳು. ಇಬ್ಬರೂ ಹುಣಸೆಹಣ್ಣು ಹಾಕಿ ಸಾರು ಮಾಡಿದರು.

ಈಗ ನಮ್ಮೂರಲ್ಲೂ ಟೊಮೇಟೊ ಬೆಳೆಯುತ್ತಾರೆ. ಎಲ್ಲ ಸಾರಿಗೂ ಅದು ಬಿದ್ದೇ ಬೀಳುತ್ತದೆ, ಅವರೆಕಾಯಿಗಂತೂ ತಪ್ಪದು. ನಾವೂ ಹುಣಸೆಹಣ್ಣಿಗೆ ಹಿಂತಿರುಗೋಣ ಎಂದು ಅವ್ವ ಅಂದಾಗ ಅಜ್ಜಿ ಒಪ್ಪಲಿಲ್ಲ, “ನಾನ್ ಬಿಟ್ರೆ ಉಡುಗ್ರೂ ಬಿಡ್ಬೇಕಾ?” ಅಂದಳು. ಹಾಗಾಗಿ ಕಾಳು ಬೆಂದ ಮೇಲೆ ಅಜ್ಜಿಯ ಪಾಲನ್ನು ಪುಟ್ಟ ಕುಡಿಕೆಗೆ ತೆಗೆದಿಟ್ಟು, ಆಮೇಲೆ ನಮ್ಮ ಮಡಕೆಗೆ ಟೊಮೇಟೊ ಹಾಕುತ್ತಾಳೆ ಅವ್ವ.

ಅಜ್ಜಿಯ ಪಕ್ಕ ಊಟಕ್ಕೆ ಕೂರುವುದು ನಾನು. ಮೊನ್ನೆಯೂ ಮುದ್ದೆ ಮುರಿಯುತ್ತ ಕೇಳಿದಳು, “ಎಂಗೈತೆ ನಿಮ್ದು?”

“ಚೆನ್ನಾಗೈತೆ ಅಜ್ಜಿ.”

“ಚೆನ್ನಾಗೈತೆ ಅಂದ್ರೆ? ಉಳಿ ಮುಂದಾಗೈತೋ, ಕಾರ ಮುಂದಾಗೈತೋ?”

“ಉಳಿ ಮೊದ್ಲು ನಾಲ್ಗೆ ಅಂಚಿಗೆ ತಾಕ್ತದೆ. ಆಮೇಲೆ ಒಸಿ ಸಿಹಿ ಬತ್ತದೆ. ಸಿಪ್ಪೆ ಅಲ್ಲಿಗೆ ಸಿಕ್ಕಿ ಅಗ್ದಾಗ...”

“ಸಾಕು, ಸಾಕು, ಬಾಯ್ಮುಚ್ಚು” ಅಂದಳು ಅಜ್ಜಿ, ತನ್ನ ಕುಡಿಕೆಯ ಸಾರನ್ನು ತಟ್ಟೆಗೆ ಬಗ್ಗಿಸಿಕೊಳ್ಳುತ್ತ. “ಇನ್ನೂ ಯೋಳುದ್ರೆ ನಾನು ತಿಂದಂಗೇ ಆಯ್ತದೆ.”